ಅಪ್ಪನ ದನಿಯ ಗೆರೆ

ಸುರಪುರ
ಮಂಗಳವಾರ, ೨೧ ಜನವರಿ ೨೦೨೫

ನನ್ನ ಚಂದ್ರಾಗೆ ಅವ್ವನ ಆಶೀರ್ವಾದ.

ಕಾಗದ ಬಂತೆಂದು ಎದೆ ಒಡೆದುಕೊಳ್ಳಬೇಡ. ಮೊದಲು ಕೂತುಕೋ, ನೀರು ಕುಡಿ. ನಾವಿಬ್ಬರೂ ಇದ್ದೇವೆ. ನಿಮ್ಮಪ್ಪ ಈಗಷ್ಟೇ ಉಂಡು ಜೀಪ್ ಸ್ಟ್ಯಾಂಡಿಗೆ ಹೋದ. ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ಕೊಟ್ಟೆ, ಒಣ ರೊಟ್ಟಿ ಇಳಿಯುವುದಿಲ್ಲ. ರಕ್ತ ಗಿಕ್ತ ಏನೂ ಬಿದ್ದಿಲ್ಲ, ಆ ಚಿಂತೆ ಮಾಡಬೇಡ.

ಮನೆಯಲ್ಲಿ ಫೋನಿಟ್ಟುಕೊಂಡು ಅವ್ವ ಯಾಕೆ ಕಾಗದ ಬರೆಯುತ್ತಾಳೆ ಎಂದು ಕೇಳುತ್ತೀ. ನೀನು ಫೋನು ಮಾಡುವ ಹೊತ್ತಿಗೆ ನಿಮ್ಮಪ್ಪ ಮನೆಯಲ್ಲೇ ಇರುತ್ತಾನೆ, ಇರುವುದು ಒಂದೇ ಖೋಲಿ. ಮಾತು ನಿಂತಾಗಿನಿಂದ ಅವನ ಕಿವಿ ಎಷ್ಟು ಚುರುಕಾಗಿದೆ ಎಂದರೆ ನಾನು ಒಲೆಯ ಮುಂದೆ ಉಸಿರು ಜೋರಾಗಿ ಬಿಟ್ಟರೂ ತಿರುಗಿ ನೋಡುತ್ತಾನೆ. ಇನ್ನು ಮೊಬೈಲಿನಲ್ಲಿ ಬರೆಯಲು ಹೋದರೆ ನಾನು ಒತ್ತುವುದೊಂದು, ಅದು ಮೂಡಿಸುವುದೊಂದು. ಆರನೇ ಇಯತ್ತೆ ಅರ್ಧಕ್ಕೆ ಬಿಟ್ಟವಳ ಅಕ್ಷರ ಇವು, ಹೊಂದಿಸಿಕೊಂಡು ಓದು. ಓದಿದ ಮೇಲೆ ಹಾಸ್ಟೆಲಿನ ಹುಡುಗಿಯರ ಮುಂದೆ ಅಳಬೇಡ. ಊಟ ಬಿಡಬೇಡ.

ನಿನಗೆ ನಾನು ಹೇಳಿದ್ದು ಏನು? ನಿಮ್ಮಪ್ಪ ತಿಂಥಣಿ ಮೌನಪ್ಪಯ್ಯನಿಗೆ ಹರಕೆ ಹೊತ್ತಿದ್ದಾನೆ, ನೀನು ಆ ದನಿಯ ಲೆಕ್ಕದ ಓದು ಮುಗಿಸಿ ಡಾಕ್ಟರ್ ಆಗುವವರೆಗೂ ಬಾಯಿ ಬಿಚ್ಚುವುದಿಲ್ಲ ಎಂದು. ನೀನು ಮೊದಲು ಬೈದೆ. ಆಮೇಲೆ ಅತ್ತೆ. ನಿಮ್ಮ ಮೇಡಂ ಮುಂದೆಯೂ ಹೇಳಿದೆಯಂತೆ, ನಮ್ಮಪ್ಪ ನನಗೋಸ್ಕರ ಮೌನ ಹಿಡಿದಿದ್ದಾನೆ ಎಂದು.

ಅದು ಹಾಗಲ್ಲ, ಚಂದ್ರಾ. ಹರಕೆ ನಿಮ್ಮಪ್ಪ ಹೊತ್ತದ್ದಲ್ಲ. ನಾನು ಕಟ್ಟಿದ್ದು.

ದೀಪಾವಳಿ ಮುಗಿಸಿ ನೀನು ಧಾರವಾಡಕ್ಕೆ ಹೋದೆಯಲ್ಲ, ಅದರ ಬೆನ್ನಿಗೇ ಅವನ ದನಿ ಒಡೆಯಿತು. ಕೂಗಿ ಕೂಗಿ ಗಂಟಲು ಕಟ್ಟಿದೆ ಎಂದುಕೊಂಡೆವು. ನೀನು ಹುಟ್ಟುವ ಮೊದಲಿನಿಂದ ಆ ಸ್ಟ್ಯಾಂಡಿನಲ್ಲಿ ನಿಂತು ಶಹಾಪುರದ, ಯಾದಗಿರಿಯ ಮಂದಿಯನ್ನು ಕೂಗಿ ಕರೆದು ಜೀಪು ತುಂಬಿಸುವವನು. ಗಂಟಲು ಕಟ್ಟುವುದು ಹೊಸದೇನಲ್ಲ. ಮೆಣಸಿನ ಕಷಾಯ ಕುಡಿಸಿದೆ, ಶುಂಠಿ ಬೆಲ್ಲ ಕೊಟ್ಟೆ, ಕೊರಳಿಗೆ ಬಿಸಿ ಸುಣ್ಣ ಹಚ್ಚಿದೆ. ಬೀಡಿ ಬಿಡು ಎಂದರೆ ಬಿಡಲಿಲ್ಲ. ಕೆಲವು ದಿನ ಒಂದು ಗಂಟಲಿನಿಂದ ಎರಡು ದನಿ ಹೊರಟವು, ಒಂದು ಅವನದು, ಕೆಳಗೊಂದು ಯಾರದೋ. ನಾನು ನಿನಗೆ ಹೇಳಬೇಕೆಂದುಕೊಂಡೆ, ನಿನ್ನ ಪರೀಕ್ಷೆ ಇತ್ತು. ಛಟ್ಟಿ ಅಮಾವಾಸ್ಯೆ ಕಳೆದ ಮೇಲೆ ಒಂದು ದಿನ ಸ್ಟ್ಯಾಂಡಿನಲ್ಲಿ ಬಾಯಿ ತೆರೆದರೆ ಬರೀ ಗಾಳಿ. ಯಾವನೋ "ಏನ್ ಪರಮಣ್ಣ, ಬ್ಯಾಟ್ರಿ ಡೌನ್ ಆಗ್ಯಾದೇನು?" ಎಂದನಂತೆ, ಎಲ್ಲರೂ ನಕ್ಕರಂತೆ. ಮನೆಗೆ ಬಂದು ಗೋಡೆಯ ಕಡೆ ಮುಖ ಮಾಡಿ ಕೂತ.

ಮರುದಿನ ನಾನು ಬುತ್ತಿ ಕೊಡಲು ಹೋದಾಗ ಡ್ರೈವರ್‌ಗಳು ಸುತ್ತ ನಿಂತರು. "ಯಕ್ಕಾ, ಕಾಕಾನ ದನಿ ಪೂರಾ ಹೋಯ್ತೇನು? ಹಂಗಿದ್ರ ಈಗೇ ಹೇಳಿಬಿಡ್ರಿ, ನಾವು ಬ್ಯಾರೆ ಮಂದಿ ನೋಡ್ಕೊಂತೀವಿ" ಎಂದರು. ನಿಮ್ಮಪ್ಪ ಅಲ್ಲೇ ಚಹದಂಗಡಿಯ ಕಟ್ಟೆಯ ಮೇಲೆ ತಲೆ ತಗ್ಗಿಸಿ ಕೂತಿದ್ದ. ಅವನ ಕುತ್ತಿಗೆ ನೋಡಿದೆ. ನನ್ನ ನಾಲಿಗೆ ಯಾರ ಮಾತು ಕೇಳಿತೋ ಗೊತ್ತಿಲ್ಲ. "ದನಿ ಎಲ್ಲಿ ಹೋಗ್ಯಾದ? ಮೌನಪ್ಪಯ್ಯಗ ಹರಕಿ ಹೊತ್ತಾನ. ಮಗಳು ಡಾಕ್ಟರ್ ಆಗೋತನಾ ಬಾಯಿ ಬಿಚ್ಚಂಗಿಲ್ಲ!" ಎಂದುಬಿಟ್ಟೆ.

ಕ್ರೂಸರ್ ಜೀಪಿನ ಅಸದ ಎದೆಯ ಮೇಲೆ ಕೈ ಇಟ್ಟುಕೊಂಡ. ಹಿಂದಿನ ದಿನ ನಕ್ಕವನೇ ಬಂದು ನಿಮ್ಮಪ್ಪನ ಕಾಲು ಮುಟ್ಟಿದ. ನಿಮ್ಮಪ್ಪ ನನ್ನ ಕಡೆ ಒಮ್ಮೆ ನೋಡಿ ಎದ್ದು ನಿಂತ. ಅಂದಿನಿಂದ ನಡೆದ ಆಟ ಇದು.

ಅಸದ ಒಳ್ಳೆಯವನು. ನಮಗೆ ಒಳ್ಳೆಯದಾಗಲಿ ಎಂದೇ ಮಾಡಿದ. "ಮಾಮಾನ ದನಿ ಇಲ್ದ ಗಾಡಿ ತುಂಬಂಗಿಲ್ರಿ ಮಾಮಿ. ಚಂದ್ರಾ ಹಬ್ಬದಾಗ ಮಾಮಾ ಕೂಗೋ ದನಿ ರೆಕಾರ್ಡ್ ಮಾಡಿದ್ಳಲ್ಲ, ಅದು ನಿಮ್ಮ ಫೋನಿನ್ಯಾಗೂ ಇರಬೇಕಲ್ಲ?" ಎಂದ. ಇತ್ತು. ಈಗ ಅವನ ಜೀಪಿನ ನೆತ್ತಿಯ ಮೇಲೆ ಒಂದು ಸ್ಪೀಕರ್ ಡಬ್ಬಿ ಕೂತಿದೆ. "ಶಾಪೂರ್ ಶಾಪೂರ್ ಶಾಪೂರ್, ಯಾದಗಿರಿ! ಬರ್ರಿ ಯಕ್ಕಾ, ಸೀಟ್ ಖಾಲಿ ಅದಾವ, ಈಗ ಬಿಟ್ಟೇ ಬಿಡ್ತದ!" ಎಂದು ಕೂಗುತ್ತದೆ. ಕೆಳಗೆ ನಿಮ್ಮಪ್ಪ ಬಾಯಿ ಮುಚ್ಚಿಕೊಂಡು ನಿಂತು ಕೈಯಿಂದ ಮಂದಿಯನ್ನು ಹತ್ತಿಸುತ್ತಾನೆ. ನಾನು ಸಂತೆಗೆ ಹೋದಾಗ ಆ ದನಿ ಕೇಳಿದರೆ ಕಾಲು ಅಲ್ಲೇ ನಿಲ್ಲುತ್ತವೆ. ಮನುಷ್ಯ ಇಲ್ಲಿ ನಿಂತಿದ್ದಾನೆ, ದನಿ ಅಲ್ಲಿ ಮೇಲೆ. ಇಂಥದ್ದು ಸತ್ತವರದ್ದಾಗಿರುತ್ತದೆ. ಬಿಡ್ತು, ಬಿಡ್ತು. ಬರೆಯಬಾರದಿತ್ತು.

ಈಗ ನಾನು ಒಂದು ಮಾತು ಕೇಳಬೇಕು, ನೀನು ಸಿಟ್ಟಾಗಬಾರದು.

ಹಬ್ಬದ ದಿನ ನೀನು ಲ್ಯಾಪ್‌ಟಾಪ್ ತೆಗೆದು ನಮ್ಮಿಬ್ಬರನ್ನೂ ಕೂರಿಸಿ ತೋರಿಸಿದೆ. ಗಂಟಲಿನಲ್ಲಿ ಇರುವುದು ತಂತಿಯಲ್ಲ ಅವ್ವಾ, ಎರಡು ಮಡಿಕೆ, ಅಸದನ ಜೀಪಿನ ಹಿಂದೆ ಇಳಿಬಿಟ್ಟ ತಾಡಪತ್ರಿ ಹೊದಿಕೆಯ ಎರಡು ಅಂಚು ಇರುತ್ತವಲ್ಲ ಹಾಗೆ ಎಂದೆ. ಜೀಪು ಓಡುವಾಗ ಅವು ಪಟಪಟ ಬಡಿದುಕೊಳ್ಳುತ್ತವೆ, ಹಾಗೆಯೇ ಎದೆಯ ಗಾಳಿಗೆ ಇವು ಬಡಿದುಕೊಂಡರೆ ದನಿ. ಅದಕ್ಕೆ ನೀನು ಲೆಕ್ಕ ಕಟ್ಟಿದ್ದೆ. ಒಂದೊಂದು ಮಡಿಕೆಗೂ ಒಂದು ಸಣ್ಣ ತೂಕ, ಒಂದು ದೊಡ್ಡ ತೂಕ, ನಡುವೆ ಸ್ಪ್ರಿಂಗು. "ಗಾಳಿ ದೂಕ್ತದ, ಸ್ಪ್ರಿಂಗ್ ಎಳಕೊಂತದ, ಮತ್ತ ಗಾಳಿ ದೂಕ್ತದ. ಗಾಳಿ ಎಷ್ಟು, ತೂಕ ಎಷ್ಟು, ಬಿಗಿ ಎಷ್ಟು ಅಂತ ಅಂಕಿ ಕೊಟ್ರ ಅಪ್ಪನ ದನಿ ತಾನೇ ಹೊಂಡ್ತದ ನೋಡವ್ವಾ" ಎಂದು ಒಂದು ಗುಂಡಿ ಒತ್ತಿದೆ. ಪರದೆಯ ಮೇಲೆ ಎರಡು ಗೆರೆ ಹಾವಿನಂತೆ ಜೊತೆಜೊತೆಯಾಗಿ ಕುಣಿದವು, ಪೆಟ್ಟಿಗೆಯಿಂದ "ಆ" ಎಂದು ದನಿ ಬಂತು. ನಿಮ್ಮಪ್ಪ ಬಿದ್ದು ಬಿದ್ದು ನಕ್ಕ. "ಇದು ನನ್ನ ದನಿ ಅಲ್ಲಲೇ, ನೆಗಡಿ ಬಂದ ಎಮ್ಮಿದು!" ಎಂದ. ಎಷ್ಟು ಚೆನ್ನಾಗಿ ನಕ್ಕಿದ್ದ.

ಆಮೇಲೆ ನೀನು ಏನು ಮಾಡಿದೆ, ನೆನಪಿದೆಯಾ? ರೋಗ ಬಂದರೆ ಹೇಗಾಗುತ್ತದೆ ತೋರಿಸುತ್ತೇನೆ ಎಂದೆ. ಒಂದೇ ಕಡೆಯ ಮಡಿಕೆಗೆ ತೂಕ ಏರಿಸಿದೆ. ಎರಡು ಗೆರೆ ಜೊತೆ ತಪ್ಪಿದವು, ಪೆಟ್ಟಿಗೆಯಿಂದ ಎರಡು ದನಿ ಹೊರಟವು. ಮತ್ತೆ ಏರಿಸಿದೆ, ಬಿಗಿಯನ್ನೂ ಏರಿಸಿದೆ. ಗೆರೆಗಳು ನಡುಗಿ ನಡುಗಿ ಸಪಾಟಾಗಿ ಮಲಗಿದವು. "ಈಗ ಅಪ್ಪ ಎಷ್ಟು ಗಾಳಿ ಬಿಟ್ರೂ ಅಷ್ಟೇ. ಅಪ್ಪನ ದನಿ ಬಂದ್!" ಎಂದು ನಕ್ಕೆ. ನಾನು "ಬಿಡ್ತು ಅನ್ನು" ಎಂದೆ. ನೀನು ಅನ್ನಲಿಲ್ಲ. ಹೊರಗೆ ಪಕ್ಕದ ಮನೆಯ ಭೀಮವ್ವ ಆರತಿಗೆ ಕರೆದಳು, ಲ್ಯಾಪ್‌ಟಾಪ್ ಹಾಗೇ ಮುಚ್ಚಿಟ್ಟು ಎದ್ದುಹೋದೆ.

ಹಾಗೇ ಮುಚ್ಚಿಟ್ಟೆ, ಚಂದ್ರಾ. ಗೆರೆ ಮಲಗಿದ್ದಂತೆಯೇ.

ಮೊದಲು ದನಿ ಒಡೆಯಿತು, ಆಮೇಲೆ ಎರಡಾಯಿತು, ಆಮೇಲೆ ನಿಂತಿತು. ನೀನು ತೋರಿಸಿದ ಕ್ರಮದಲ್ಲೇ. ನಾನು ನಿನ್ನ ಮೇಲೆ ಹೊರಿಸುತ್ತಿಲ್ಲ, ನಿನ್ನ ಆಣೆ. ಅದು ಬರೀ ಅಂಕಿ ಅವ್ವಾ, ಅಂಕಿ ಯಾರಿಗೂ ತಾಗುವುದಿಲ್ಲ ಎನ್ನುತ್ತೀ. ಇರಬಹುದು. ಆದರೆ ಅದರೊಳಗೆ ಹಾಕಿದ್ದು ನಿಮ್ಮಪ್ಪನ ದನಿಯನ್ನೇ ಅಲ್ಲವಾ? ಬೇರೆ ಯಾರದಾದರೂ ಹಾಕಬಹುದಿತ್ತು. ಈ ಕಾಗದ ಮುಟ್ಟಿದ ಕೂಡಲೇ ಉಳಿದದ್ದೆಲ್ಲ ಬಿಟ್ಟು ಅದನ್ನು ತೆಗೆ. ಆ ಕಡೆಯ ತೂಕ ಇಳಿಸು. ಗೆರೆ ಮೊದಲಿನ ಹಾಗೆ ಕುಣಿಯುವವರೆಗೂ ಬಿಡಬೇಡ, ಕುಣಿದ ಮೇಲೆ ಮುಚ್ಚು. ನಿನಗೆ ನಂಬಿಕೆ ಇಲ್ಲದಿದ್ದರೂ ನನಗೋಸ್ಕರ ಮಾಡು.

ಉಳಿದದ್ದನ್ನೂ ಬರೆದುಬಿಡುತ್ತೇನೆ.

ನಾನು ಬಾಯಿಯಿಂದ ಕಟ್ಟಿದ ಹರಕೆಯನ್ನು ನಿಮ್ಮಪ್ಪ ನಿಜ ಮಾಡಿಕೊಂಡ. ಎಳ್ಳಮಾವಾಸ್ಯೆಯ ದಿನ ನನ್ನನ್ನು ಕರೆದುಕೊಂಡು ತಿಂಥಣಿಗೆ ಹೋದ. ಹೊಳೆಯಲ್ಲಿ ಮುಳುಗಿ ಎದ್ದು ಒದ್ದೆ ಬಟ್ಟೆಯಲ್ಲೇ ಗುಡಿಯ ಮುಂದೆ ಅಡ್ಡಬಿದ್ದ. ನನ್ನ ಕೈಹಿಡಿದು ಕಾಯಿಯ ಮೇಲೆ ಇಡಿಸಿ, ನನ್ನ ಬಾಯಿ ಮುಟ್ಟಿ ತೋರಿಸಿ, ಮೇಲಕ್ಕೆ ಕೈಮುಗಿದ. ನನಗೆ ತಿಳಿಯಿತು. ನಿನ್ನ ಬಾಯಿಂದ ದೇವರೇ ಆಡಿಸಿದ್ದಾನೆ ಎನ್ನುತ್ತಿದ್ದಾನೆ. ಸುಳ್ಳು ಎಂದು ಹೇಗೆ ಹೇಳಲಿ? ಗುಡಿಯ ಮುಂದೆ ನಿಂತು ಹೇಳಲಿಕ್ಕಾಗಲಿಲ್ಲ. ಮನೆಗೆ ಬಂದ ಮೇಲೂ ಆಗಲಿಲ್ಲ.

ಈಗ ಓಣಿಯಲ್ಲಿ ಅವನಿಗೆ ಭಾರಿ ಮರ್ಯಾದೆ. ಭೀಮವ್ವ "ಮಲ್ಲಿಕಮ್ಮ, ನಿನ್ನ ಗಂಡ ಸ್ವಾಮಿ ಆಗಿಬಿಟ್ಟ ನೋಡು. ನಮ್ಮನಿಯಾವಗೂ ಇಂಥಾದೊಂದು ಹರಕಿ ಹಚ್ಚೇ ಮಾರಾಯ್ತಿ, ಒಂದೀಟು ನಿದ್ದಿ ಮಾಡ್ತೀನಿ" ಎನ್ನುತ್ತಾಳೆ. ನಾನೂ ನಗುತ್ತೇನೆ. ಒಳಗೆ ಬಂದು ಬಾಗಿಲಿಗೆ ಒರಗಿ ನಿಲ್ಲುತ್ತೇನೆ.

ಹೋದ ವಾರ ಯಾದಗಿರಿಗೆ ಕರೆದೊಯ್ದೆ, ಗಂಟಲು ನೋಡುವ ಡಾಕ್ಟರ್ ಹತ್ತಿರ. ಮೂಗಿನಿಂದ ಸಣ್ಣ ಕೊಳವೆಯಲ್ಲಿ ಕ್ಯಾಮರಾ ಇಳಿಸಿದರು, ನನಗೂ ಟಿವಿಯಲ್ಲಿ ಕಾಣಿಸಿತು. ನೀನು ಹೇಳಿದ ಎರಡು ಮಡಿಕೆ ಅಲ್ಲಿ ಇದ್ದವು, ಚಂದ್ರಾ, ಬೆಳ್ಳಗೆ. ಎಡಗಡೆಯದರ ಮೇಲೆ ಏನೋ ಕೂತಿತ್ತು, ಜೋಳದ ತೆನೆಗೆ ರೋಗ ಬಂದಾಗ ಹಿಡಿಯುವ ಕಾಡಿಗೆಯಂಥದ್ದು. "ಈ ಅನ್ರಿ" ಎಂದರು ಡಾಕ್ಟರ್. ನಿಮ್ಮಪ್ಪ ಅನ್ನಲಿಲ್ಲ. "ಈ ಅನ್ರೀ ಯಜಮಾನ್ರ, ಜರಾ ಈ ಅನ್ರಿ" ಎಂದರು. ಇವನು ಕಣ್ಣಲ್ಲಿ ನೀರು ಸುರಿಸಿಕೊಂಡು ಕೈಮುಗಿದು ಕೂತ, ಬಾಯಿ ತೆರೆಯಲಿಲ್ಲ. ನಾನು ಹರಕೆಯ ವಿಷಯ ಹೇಳಿದೆ. ಡಾಕ್ಟರ್ ಕೊಳವೆ ಎಳೆದು ಟೇಬಲ್ಲಿನ ಮೇಲೆ ಕುಕ್ಕಿದರು. "ಹರಕಿ ಗಂಟಲಿಗಿಂತ ದೊಡ್ಡದೇನ್ರಿ? ಆ ಮಡಿಕಿ ಅಲಗ್ತದೋ ಇಲ್ಲೋ ನಾ ನೋಡಬೇಕು. ಅಲಗಿದ್ರ ಒಂದು ದಾರಿ ಅದ. ಅಲಗದೆ ನಿಂತುಬಿಟ್ಟಿದ್ರ ಇನ್ನೊಂದು ದಾರಿ, ಅದು ದೊಡ್ಡ ದಾರಿ. ಇಪ್ಪತ್ತೇಳನೇ ತಾರೀಖು ಸೋಮವಾರ ಬರ್ರಿ, ದನಿ ಕೊಡ್ತೀನಿ ಅಂತ ಒಪ್ಪಿಸ್ಕೊಂಡು ಬರ್ರಿ" ಎಂದರು. ಮಡಿಕೆಯ ಮೇಲೆ ಕೂತದ್ದಕ್ಕೆ ಏನೆನ್ನುತ್ತಾರೆ ಎಂದು ನಾನು ಕೇಳಲಿಲ್ಲ. ನಿನಗೆ ಗೊತ್ತಿರುತ್ತದೆ. ಆ ಹೆಸರು ನನ್ನ ಕೈಯಿಂದ ಬರೆಯುವುದಿಲ್ಲ. ರಕ್ತ ಬೀಳುತ್ತದಾ ಎಂದು ಕೇಳಿದರು, ಇಲ್ಲ ಎಂದೆ.

ಹೊರಗೆ ಬಂದು ಬೇಡಿಕೊಂಡೆ. "ಒಂದೇ ಅಕ್ಷರ ಅನ್ನು, ಅದು ಮಾತಲ್ಲ, ದೇವರು ಲೆಕ್ಕಕ್ಕ ಹಿಡಿಯಂಗಿಲ್ಲ" ಎಂದೆ. ತಲೆ ಅಲ್ಲಾಡಿಸಿದ. ಬೆರಳಿನಿಂದ ಗಾಳಿಯಲ್ಲಿ ನಿನ್ನ ಹೆಸರು ಬರೆದು ತೋರಿಸಿದ. ಹರಕೆ ಮುರಿದರೆ ನಿನ್ನ ಓದಿಗೆ ತಾಗುತ್ತದೆ ಎಂದು ಅವನ ಭಯ. ನನ್ನ ಸುಳ್ಳಿಗೆ ನಿನ್ನ ಹೆಸರು ಕಟ್ಟಿದ್ದೆನಲ್ಲ, ಅದು ಈಗ ಅವನ ಕೊರಳಿಗೆ ಸುತ್ತಿಕೊಂಡಿದೆ. ದನಿ ಕೊಟ್ಟರೆ ಏನು ಬರುತ್ತದೋ ಎಂಬ ಭಯವೂ ಇದ್ದೀತು. ನನಗಿದೆ, ಅವನಿಗೆ ಇರುವುದಿಲ್ಲವಾ?

ಆದರೂ ನಾನು ಇನ್ನೂ ಬಾಯಿ ಮುಚ್ಚಿಕೊಂಡೇ ಇರುತ್ತಿದ್ದೆನೋ ಏನೋ, ನಿನ್ನೆ ನಡೆದದ್ದು ನೋಡಿದ ಮೇಲೆ ಆಗಲಿಲ್ಲ. ಯಾರೋ ಹಳ್ಳಿಯ ಹೆಣ್ಣುಮಗಳು, ಹಣಮಂತಮ್ಮ ಎಂದು ಹೆಸರಂತೆ, ಕೂಸನ್ನು ಎತ್ತಿಕೊಂಡು ಮನೆಗೆ ಬಂದಳು. ಕೂಸಿಗೆ ಮೂರು ತುಂಬುತ್ತ ಬಂದರೂ ಮಾತು ಬಂದಿಲ್ಲ. "ಮೌನದ ಅಪ್ಪಾರು ಗಂಟಲ ಮ್ಯಾಲ ಕೈ ಇಟ್ರ ಮಾತು ಬರ್ತಾವಂತ ಯಕ್ಕಾ" ಎಂದಳು. ಯಾರು ಹಬ್ಬಿಸಿದರೋ. ನಿಮ್ಮಪ್ಪ ನನ್ನ ಕಡೆ ನೋಡಿದ. ನಾನು ಬೇಡ ಎನ್ನುವುದರೊಳಗೆ ಅವಳು ಅವನ ಕೈ ಹಿಡಿದು ಕೂಸಿನ ಕೊರಳಿಗೆ ಒತ್ತಿಕೊಂಡಳು. ಕೂಸು ಕಿಟಾರನೆ ಕಿರುಚಿ ಅತ್ತಿತು. ತಾಯಿ "ದನಿ ಬಂತು, ದನಿ ಬಂತು!" ಎಂದು ಕಣ್ಣೊರೆಸಿಕೊಂಡು ಅವನ ಪಾದಕ್ಕೆ ಹಣೆ ಹಚ್ಚಿದಳು. ಅವಳು ಹೋದ ಮೇಲೆ ನಿಮ್ಮಪ್ಪ ಬಚ್ಚಲಿಗೆ ಹೋಗಿ ಆ ಕೈಯನ್ನು ತೊಳೆದ, ಮತ್ತೆ ತೊಳೆದ. ಆ ಕೂಸನ್ನು ಇನ್ನು ಬೇರೆಲ್ಲೂ ತೋರಿಸುವುದಿಲ್ಲ ಅವಳು. ಅದೂ ನನ್ನ ಸುಳ್ಳಿನಿಂದಲೇ.

ಅದಕ್ಕೆ ಈ ಕಾಗದ. ನನ್ನ ಬುದ್ಧಿಗೆ ಬೇರೆ ದಾರಿ ಹೊಳೆಯುತ್ತಿಲ್ಲ. ಭಾನುವಾರ ನೀನು ಫೋನು ಮಾಡು. ಅಪ್ಪನ ಕಿವಿಗೆ ಹಿಡಿಯಲು ನನಗೆ ಹೇಳು. "ಅಪ್ಪಾ, ನಾ ಪಾಸಾದೆ, ಡಾಕ್ಟರ್ ಆದೆ" ಎಂದು ಖುಷಿಯಿಂದ ಹೇಳು. ಇನ್ನೂ ಒಂದೂವರೆ ವರ್ಷ ಇದೆ ಎಂದು ನನಗೆ ಗೊತ್ತು. ಅದನ್ನು ಕಾಯಲು ಅವನ ಗಂಟಲಿಗೆ ಪುರಸತ್ತು ಇಲ್ಲ. ಹರಕೆ ತೀರಿತು ಎಂದು ಅವನಿಗೆ ಅನ್ನಿಸಿದರೆ ಸೋಮವಾರ ಡಾಕ್ಟರ್ ಮುಂದೆ ಬಾಯಿ ಬಿಡುತ್ತಾನೆ. ಆಮೇಲಿನದು ಆಮೇಲೆ. ಪಾಪ ಬಂದರೆ ನನಗೆ ಬರಲಿ. ಹೇಳುವಾಗ ದನಿ ನಡುಗಿಸಬೇಡ, ದನಿಯ ವಿಷಯ ನಿನಗೆ ನಾನೇನು ಹೇಳುವುದು.

ಇದನ್ನು ಇವತ್ತೇ ಸ್ಪೀಡ್ ಪೋಸ್ಟ್ ಮಾಡುತ್ತೇನೆ. ಓದಿದ ಮೇಲೆ ಹರಿದು ಹಾಕು. ತಲೆಗೆ ಎಣ್ಣೆ ಹಚ್ಚಿಕೋ, ಥಂಡಿ ಬಹಳ ಇದೆ. ಗಂಟಲಿಗೆ ಏನಾದರೂ ಸುತ್ತಿಕೊಂಡೇ ಹೊರಗೆ ಹೋಗು.

ದಾರಿ ನೋಡುತ್ತಿರುವ
ನಿನ್ನ ಅವ್ವ
ಮಲ್ಲಿಕಮ್ಮ

ತಾ. ಕ.: ಅಂಟಿಸಿದ ಲಕೋಟೆಯನ್ನು ಬಿಚ್ಚಿ ಬರೆಯುತ್ತಿದ್ದೇನೆ. ಪೋಸ್ಟಿಗೆ ಹೊರಟಾಗ ನಿಮ್ಮಪ್ಪ ಎಂದಿಗಿಂತ ಮುಂಚೆ ಬಂದುಬಿಟ್ಟ. ನನ್ನ ಬೆರಳಿನ ಶಾಯಿ ನೋಡಿ ಯಾರಿಗೆ ಎಂದು ಕೈಮಾಡಿ ಕೇಳಿದ. ಅವನ ಮುಖ ನೋಡಿಕೊಂಡು ಮತ್ತೊಂದು ಸುಳ್ಳು ಹುಟ್ಟಲಿಲ್ಲ. "ಚಂದ್ರಾಗ. ಡಾಕ್ಟರ್ ಆದೆ ಅಂತ ನಿನಗ ಹೇಳು ಅಂತ ಬರದೀನಿ. ಆಗಿಲ್ಲ ಅಕಿ" ಎಂದೆ. ಹರಕೆ ನಾನು ಕಟ್ಟಿದ್ದು, ದೇವರದ್ದಲ್ಲ ಎಂದೂ ಹೇಳಿದೆ. ಹೊಸ್ತಿಲ ಮೇಲೆ ಕೂತ. ಆಮೇಲೆ ಎದ್ದು ಬಂದು ನನ್ನ ಕೈ ಹಿಡಿದು ತನ್ನ ಗಂಟಲ ಮೇಲೆ ಇಟ್ಟುಕೊಂಡ. ಮೊದಲು ಬರೀ ಗಾಳಿ ಬಂತು. ಥಂಡಿ ಮುಂಜಾನೆ ಅಸದನ ಜೀಪು ಚಾಲೂ ಆಗದೆ ಗೊರಗೊರ ಎನ್ನುತ್ತದಲ್ಲ, ಹಾಗೆ ಎಳೆಯಿತು. ಆಮೇಲೆ ಒಂದೊಂದೇ ಮಾತು. "ಅಕಿ ಬಾಯಿಲೆ... ಸುಳ್ಳು... ಬ್ಯಾಡ" ಎಂದ. ಜೀವಮಾನವೆಲ್ಲ ಅರ್ಧ ಖಾಲಿ ಜೀಪಿನ ಮುಂದೆ ನಿಂತು ಈಗ ಬಿಟ್ಟೇ ಬಿಡ್ತದ ಎಂದು ಕೂಗಿದವನು. ನನಗೆ ಅಳು ನಗು ಎರಡೂ ಬಂದವು.

ನನ್ನ ಬೆರಳಿನ ಕೆಳಗೆ ಅದು ನಡುಗಿತು, ಚಂದ್ರಾ. ಒಂದು ಕಡೆಯದೋ, ಎರಡೂ ಕಡೆಯದೋ ನನಗೆ ತಿಳಿಯಲಿಲ್ಲ. ಆದರೆ ಸಪಾಟಾಗಿ ಮಲಗಿಲ್ಲ.

ಸೋಮವಾರ ಈ ಅನ್ನುತ್ತಾನಂತೆ. ನೀನು ಫೋನಿನಲ್ಲಿ ಏನೂ ಹೇಳಬೇಡ. ಭಾನುವಾರ ಹೊರಟು ಬಂದುಬಿಡು. ಮೇಲೆ ರಕ್ತ ಬಿದ್ದಿಲ್ಲ ಎಂದು ಬರೆದಿದ್ದೇನೆ. ಬಿದ್ದಿದೆ. ಹೆಗಲ ವಸ್ತ್ರದಲ್ಲಿ ಒರೆಸಿಕೊಂಡು ಹಾಸಿಗೆಯ ಕೆಳಗೆ ಮುಚ್ಚಿಡುತ್ತಾನೆ, ಅವನು ಹೋದ ಮೇಲೆ ನಾನು ತೆಗೆದು ಒಗೆದು ಒಣಗಿಸಿ ಅಲ್ಲೇ ಇಡುತ್ತೇನೆ. ಇಬ್ಬರೂ ಮಾತಾಡಿಲ್ಲ. ಡಾಕ್ಟರ್ ಮುಂದೆ ಅದನ್ನು ನಾನು ಹೇಳಬೇಕು. ನೀನು ಪಕ್ಕದಲ್ಲಿ ನಿಂತಿರು, ಇಲ್ಲದಿದ್ದರೆ ನನಗೆ ದನಿ ಹೊರಡುವುದಿಲ್ಲ.